ಮೀಸೆ ಮತ್ತು ಮೂರನೆಯ ಜಾಯಿಂಟು

ಮೂವತ್ತು ವರ್ಷ ಕೇಬಲ್ ಜೋಡಿಸಿದ ಕೈ ನನ್ನದು. ಅಂಥ ನಾನು ರಾಮಥಾಳದ ಪಂಪ್‌ಹೌಸಿನಲ್ಲಿ ಹಾಕಿದ ಜಾಯಿಂಟು ಎರಡು ಸಲ ಢಂ ಎಂದಾಗ ತಲೆ ಕೆಟ್ಟುಹೋಯಿತು. ಪಂಪ್ ಆಪರೇಟರ್ ಮೀರಾಸಾಬ ನಕ್ಕ. ನಾನು ಎಲ್ಲರೆದುರು ಅಂದುಬಿಟ್ಟೆ:

“ಮೂರನೇದೂ ಹೋಗಿ, ತಪ್ಪು ನಂದೇ ಅಂತಾದ್ರ ಈ ಮೀಸಿ ಬೋಳಸ್ತೇನಿ.”

ಸಾಮಾನ್ಯ ಮೀಸೆಯಲ್ಲ ಅದು. ಇಳಕಲ್ಲಿನ ಒಂದು ಮದುವೆಯಲ್ಲಿ ವರನನ್ನು ಬಿಟ್ಟು ನನ್ನ ಫೋಟೊ ತೆಗೆದಿದ್ದರು.

ಜಾಯಿಂಟಿನ ಗುಟ್ಟು ಇಷ್ಟೇ. ಕೇಬಲ್ಲಿನ ತಂತಿಗೆ ಬಿಳಿ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಅಂಗಿಯ ತೋಳಿನಂಥ ರಬ್ಬರ್ ಕೊಳವೆ. ಎರಡೂ ಕರೆಂಟು ತಡೆಯುವಂಥವೇ. ಆದರೆ ಅವೆರಡೂ ಕೂಡುವ ಸಂದಿಯಲ್ಲಿ ಚೂರು ಗಾಳಿಯೋ ಧೂಳೋ ಸಿಕ್ಕಿತೋ, ಕರೆಂಟು ಅಲ್ಲೇ ತೆವಳಿ ದಾರಿ ಮಾಡಿಕೊಂಡು ಎಲ್ಲ ಸುಟ್ಟುಬಿಡುತ್ತದೆ. ಅದಕ್ಕೇ ನಾನು ಹೊದಿಕೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಹೊರಗೆ ಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದು, ಆಮೇಲಷ್ಟೇ ಗ್ರೀಸು ಸವರಿ ರಬ್ಬರು ಏರಿಸುವವನು. ಇಷ್ಟು ಮಡಿ ಮಠದ ಅಡುಗೆಯಲ್ಲೂ ಇರಲಿಕ್ಕಿಲ್ಲ.

ಮೂರನೆಯದನ್ನು ಹಾಕಿದ ದಿನವೂ ಹೆಂಡತಿ ಗುರುಸಿದ್ದವ್ವ ಎಂದಿನಂತೆ ಬುತ್ತಿ ತಂದಿದ್ದಳು. ಟೆಸ್ಟಿಗೆ ಕರೆಂಟು ಕೊಟ್ಟೆವು. ಚಟ್ ಎಂದಿತು.

ಮೊದಲೆರಡು ಪೂರಾ ಕರಕಲಾಗಿದ್ದವು. ಇದು ಟೆಸ್ಟಿನಲ್ಲೇ ಹೋದದ್ದರಿಂದ ಒಳಗಿನದು ಉಳಿದಿತ್ತು. ಸಿಟ್ಟಿನಲ್ಲಿ ರಬ್ಬರು ಸೀಳಿದೆ. ಬಿಳಿ ಹೊದಿಕೆಯ ಉದ್ದಕ್ಕೂ ಒಂದರ ಪಕ್ಕ ಒಂದು, ಮೂರು ಕರಿ ಗೆರೆಗಳು. ಮೀರಾಸಾಬ ತನ್ನ ಮೂರು ಬೆರಳು ಅವುಗಳ ಮೇಲಿಟ್ಟು ನೋಡಿ, ಇವು ಯಾರ ಬೆರಳೆಂದು ಕೇಳಿದ.

ಗುರುಸಿದ್ದವ್ವ ವಿಭೂತಿ ಮೆತ್ತಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಹೊಸ ಮಿಕ್ಸರಿಗೂ ವಿಭೂತಿ ಹಚ್ಚದೆ ಬಿಟ್ಟವಳಲ್ಲ. ನಾನು ಕೈ ತೊಳೆಯಲು ಹೋದಾಗ ಮೂರು ಸಲವೂ ಹಚ್ಚಿದ್ದಳು. ಮೀಸೆಯ ಮಾತು ಕೇಳಿ ಈ ಸಲ ಇನ್ನಷ್ಟು ದಪ್ಪಗೆ. ಬಿಳಿಯ ಮೇಲೆ ಬಿಳಿ ನನಗೆ ಕಂಡಿರಲಿಲ್ಲ.

ಅವಳ ಹೆಸರು ಹೇಳಿದ್ದರೆ ಮೀಸೆ ಉಳಿಯುತ್ತಿತ್ತು. ನನಗೆ ಸಿಟ್ಟು ಬಂದದ್ದು ನಿಜ, ಆದರೆ ಅವಳು ಹಚ್ಚಿದ್ದು ನನ್ನ ಮೀಸೆ ಉಳಿಯಲೆಂದೇ.

“ನಾನೇ ಹಚ್ಚೇನಿ,” ಎಂದೆ. “ತಪ್ಪು ನಂದು.”

ನಾಲ್ಕನೆಯದನ್ನು ಹಾಕುವಾಗ ಅವಳನ್ನು ಹತ್ತು ಮಾರು ದೂರ ಕೂರಿಸಿದೆ. ಪಂಪು ಓಡಿತು. ಸಂಜೆ ಮೀರಾಸಾಬನೇ ನನ್ನನ್ನು ಹುನಗುಂದದ ಕಟಿಂಗ್ ಅಂಗಡಿಗೆ ಗಾಡಿಯಲ್ಲಿ ಕರೆದೊಯ್ದ.

ಮನೆಯಲ್ಲಿ ಗುರುಸಿದ್ದವ್ವ ನನ್ನ ಬೋಳು ತುಟಿ ನೋಡಿ ಮೊದಲು ಅತ್ತಳು, ಆಮೇಲೆ ತಡೆಯಲಾರದೆ ನಕ್ಕಳು. ಬ್ಲೇಡು ತಾಗಿ ಗಾಯವಾಗಿದ್ದನ್ನು ಕಂಡು ವಿಭೂತಿ ಹಿಡಿದು ಬಂದಳು.

“ಇಲ್ಲಾದ್ರೂ ಹಚ್ಚಲೇನ್ರಿ?”

“ಹಚ್ಚು. ಮೂರೂ ಗೆರಿ ಎಳಿ. ಇಲ್ಲೇನ್ ಕರೆಂಟ್ ಹರಿಯೂದಿಲ್ಲ.”