ಏಳನೇ ಪುಟದಿಂದ ಕಂಡ ಮೆರವಣಿಗೆ

ನಾನು ಒಂದು ಜಾಲತಾಣ. ಹೆಸರಿನಲ್ಲಿ ಜಾಲವೂ ಇದೆ, ತಾಣವೂ ಇದೆ. ನನ್ನ ಕೈಯಲ್ಲಿ ಎರಡೂ ಇಲ್ಲ. ಎಲ್ಲೋ ದೂರದ ಬಾಡಿಗೆ ಕಂಪ್ಯೂಟರಿನಲ್ಲಿ ನನ್ನ ವಾಸ. ಯಾರು ಯಾವಾಗ ಬಾಗಿಲು ತಟ್ಟುತ್ತಾರೋ ಎಂದು ಕೂತಲ್ಲಿ ಕೂರಲಾರದ ಜೀವ ನನ್ನದು.

ನಾನು ಹುಟ್ಟಿದ್ದು ದಾವಣಗೆರೆಯಲ್ಲಿ, ಮದುವೆ ಕಾರ್ಡು ಅಚ್ಚು ಹಾಕುವ ಅಂಗಡಿಯಲ್ಲಿ. ಹಾಲೇಶಪ್ಪ ಬ್ರಾಸ್ ಬ್ಯಾಂಡಿನ ಯಜಮಾನ ಹಾಲೇಶಪ್ಪನವರು ಬಂದು, "ನಮ್ಮ ಬ್ಯಾಂಡಿಗೂ ಒಂದು ವೆಬ್‌ಸೈಟ್ ಮಾಡಿಕೊಡಪ, ಡಿಜೆ ಹುಡುಗ್ರು ಎಲ್ಲಾ ಮಾಡಿಸ್ಯಾರೆ" ಎಂದರು. ಅಂಗಡಿಯವನಿಗೆ ಬರುತ್ತಿದ್ದ ವಿದ್ಯೆ ಒಂದೇ. ನನ್ನನ್ನೂ ಮದುವೆ ಕಾರ್ಡಿನ ಹಾಗೆಯೇ ಸಿಂಗರಿಸಿದ. ನೆತ್ತಿಯ ಮೇಲೆ ಗಣಪತಿ, ಅಕ್ಕಪಕ್ಕ ಬಾಳೆಕಂದು, ಸುತ್ತ ಚಿನ್ನದ ಬಣ್ಣದ ಬಳ್ಳಿ. ನಡುವೆ ಕ್ಲಾರಿನೆಟ್ ಹಿಡಿದ ಹಾಲೇಶಪ್ಪ, ಪಕ್ಕದಲ್ಲಿ ಡ್ರಮ್ಮಿನ ಮಾಬುಸಾಬ್, ಹಿಂದೆ ಕೆಂಪು ಕೋಟು ತೊಟ್ಟ ತಂಡ. ಊರು, ಕಸುಬು, ಫೋನ್ ನಂಬರು ಎಲ್ಲವನ್ನೂ ಆ ಚಿತ್ರದೊಳಗೇ ಬರೆದುಬಿಟ್ಟ.

ಇಲ್ಲೇ ನನ್ನ ಜಾತಕ ಕೆಟ್ಟದ್ದು. ಹುಡುಕುಯಂತ್ರವೆಂದರೆ ನಮ್ಮ ಲೋಕದ ಮದುವೆ ದಲ್ಲಾಳಿ. ಜನ ಏನು ಬೇಕೆಂದು ಕೇಳುತ್ತಾರೋ ಅದಕ್ಕೆ ಹೊಂದುವ ಸಂಬಂಧ ತೋರಿಸುವುದು ಅದರ ಕೆಲಸ. ಮೊದಲ ಪುಟದಲ್ಲಿ ಇದ್ದವರಿಗೆ ಪಟ್ಟ, ಏಳನೇ ಪುಟದವರಿಗೆ ಪುಟಗೋಸಿ. ಈ ದಲ್ಲಾಳಿ ಓದುವುದು ಅಕ್ಷರವನ್ನು. ಚಿತ್ರದೊಳಗೆ ಹೂತ ಅಕ್ಷರ ಅದಕ್ಕೆ ಬಾಳೆಕಂದಿನಷ್ಟೇ ಅರ್ಥವಾಯಿತು. ನನ್ನಲ್ಲಿ ಅದು ಓದಿದ್ದು ಒಂದೇ ಸಾಲು, ಶಿರೋನಾಮೆಯಲ್ಲಿದ್ದ "ಹಾಲೇಶಪ್ಪ ಬ್ರಾಸ್ ಬ್ಯಾಂಡ್".

ಆದರೆ ಹಾಲೇಶಪ್ಪನವರು ಖುಷಿಯಾಗಿದ್ದರು. ಅವರ ಪರೀಕ್ಷೆಯೇ ಬೇರೆ. ಬೆಳಿಗ್ಗೆ ಅಂಗಡಿ ಬಾಗಿಲು ತೆರೆದು, ವಾದ್ಯಗಳಿಗೆ ಊದುಬತ್ತಿ ಬೆಳಗಿ, ಫೋನಿನಲ್ಲಿ ತಮ್ಮ ಬ್ಯಾಂಡಿನ ಪೂರ್ತಿ ಹೆಸರು ಒತ್ತುವರು. ನಾನು ಮೊದಲಿಗೇ ಕಾಣಿಸಿಕೊಂಡರೆ, "ಬಂತು ನೋಡ್ರಿ, ಬೋಣಿ ಆತು" ಎಂದು ಫೋನನ್ನು ಕಣ್ಣಿಗೆ ಒತ್ತಿಕೊಳ್ಳುವರು. ತಂಡದವರೂ ಸಾಲಾಗಿ ತಮ್ಮ ತಮ್ಮ ಫೋನಿನಲ್ಲಿ ಅದನ್ನೇ ಮಾಡುವರು. ತೀರ್ಥ ತೆಗೆದುಕೊಂಡಂತೆ ಒಬ್ಬೊಬ್ಬರೇ ಬಂದು ಇಣುಕಿ ಹೋಗುವರು. ನನಗೋ ಒಳಗೊಳಗೇ ಕಳವಳ. ಮನೆಯವರೇ ಮನೆ ಬಾಗಿಲು ತಟ್ಟಿ "ನೆಂಟರು ಬಂದರು" ಎಂದರೆ ಹೇಗೆ? ಬ್ಯಾಂಡಿನ ಹೆಸರು ಗೊತ್ತಿದ್ದವನಿಗೆ ನನ್ನ ಹಂಗೇಕೆ? ಹೆಸರು ಗೊತ್ತಿಲ್ಲದವನು "ಮದುವೆಗೆ ಬ್ಯಾಂಡ್" ಎಂದು ಕೇಳಿದಾಗ ನಾನು ಎಲ್ಲಿದ್ದೆ?

ಆ ವರ್ಷ ಮದುವೆಗಳೆಲ್ಲ ಡಿಜೆ ಪಾಲಾಗಿದ್ದವು. ಒಂದು ಬೆಳಿಗ್ಗೆ ಮಾಬುಸಾಬ್ ಇಣುಕಲು ಬರಲಿಲ್ಲ.

"ಅಣ್ಣ, ಡಿಜೆಯೋರು ಟೆಂಪೋ ಓಡಿಸೋಕೆ ಕರ‍್ದಾರೆ" ಎಂದ, ಹೊಸ್ತಿಲಲ್ಲೇ ನಿಂತು. "ಉಳಿದೋರೂ ಅದೇ ಮಾತಾಡ್ತಿದಾರೆ. ನಾನು ಒಬ್ನೇ ಕೆಟ್ಟೋನು ಆಗಬಾರ್ದು ಅಂತ ಬಾಯಿಬಿಟ್ಟೆ."

ಹಾಲೇಶಪ್ಪ ಕ್ಲಾರಿನೆಟ್ಟಿನ ಪೀಪಿ ಒರೆಸುತ್ತಲೇ ಹೇಳಿದರು: "ಅಕ್ಷಯ ತದಿಗಿ ತನಕ ತಡೀಪ. ಅವತ್ತಿಗೂ ಒಂದು ಮದುವಿ ಸಿಗಲಿಲ್ಲಾಂದ್ರೆ ನಾನೇ ಬ್ಯಾಂಡ್ ಮುಚ್ತೀನಿ. ಡ್ರಮ್ ನಿನ್ನದೇ, ಹೊತ್ಕೊಂಡು ಹೋಗು."

ಅಂದಿನಿಂದ ನನಗೆ ಕೈಕಾಲು ಆಡಲಿಲ್ಲ, ಇದ್ದರೆ ತಾನೇ ಆಡುವುದು. ಆಗ ನಾನು, ಜಾಲತಾಣಗಳಿಗೆ ಜನರನ್ನು ಕರೆತರುವ ಧೀರಜ್ ಎಂಬ ತಜ್ಞನ ಕೈಗೆ ಹೋದೆ. ಅವನ ಮಾತು ಕೇಳಬೇಕು ನೀವು: "ಸರ್, ನಿಮ್ ಸೈಟಿಗೆ ಟ್ರಾಫಿಕ್ಕೇ ಇಲ್ಲ ಸರ್. ಟ್ರಾಫಿಕ್ ತರೋದು ನನ್ ಜವಾಬ್ದಾರಿ ಸರ್." ಬ್ಯಾಂಡಿನವರಿಗೆ ಟ್ರಾಫಿಕ್ಕೆಂದರೆ ಮೆರವಣಿಗೆಯ ಹಿಂದೆ ಹಾರನ್ ಹೊಡೆಯುವ ಬಸ್ಸು, ಆದರೂ ತಲೆಯಾಡಿಸಿದರು. ಜನ ಹೆಚ್ಚು ಹುಡುಕುವ ಮಾತುಗಳನ್ನೆಲ್ಲ ಅವನು ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ, ಜನರ ಕಣ್ಣಿಗೆ ಬೀಳದೆ ದಲ್ಲಾಳಿಗೆ ಮಾತ್ರ ಕಾಣುವಂತೆ, ನನ್ನ ಬೆನ್ನಿಗೆ ಅಂಟಿಸಿದ. ನಾಳೆಯ ಭವಿಷ್ಯ, ಕ್ರಿಕೆಟ್ ಸ್ಕೋರು, ಕೂದಲು ಉದುರುವಿಕೆ.

ಜನ ಬಂದರು. ಬಂದು, ಗಣಪತಿಯ ಮುಖ ನೋಡಿ, ತಕ್ಷಣ ಹಿಂದಿರುಗಿದರು. ಧೀರಜನ ಗ್ರಾಫಿನಲ್ಲಿ ಮಾತ್ರ ಗೆರೆ ಮೇಲಕ್ಕೆ ಹೋಯಿತು. ತಂಡಕ್ಕೆಲ್ಲ ಮಂಡಕ್ಕಿ ಮಿರ್ಚಿ ಕೊಡಿಸಿದರು ಹಾಲೇಶಪ್ಪ. ಫೋನೂ ಬಂತು. ಒಬ್ಬ ಹೆಂಗಸು, "ನಿಮ್ಮ ಎಣ್ಣಿ ಹಚ್ಚಿದ್ರೆ ಕೂದ್ಲು ಬರ‍್ತಾವೇನ್ರಿ?" ಎಂದು ಕೇಳಿದಳು. ಹಾಲೇಶಪ್ಪ ತಮ್ಮ ಬೋಳು ತಲೆ ಸವರಿಕೊಂಡು, "ತಾಯಿ, ಬರಂಗಿದ್ರೆ ಮೊದ್ಲು ನಾನು ಹಚ್ಕೊಂತಿದ್ದೆ" ಎಂದರು.

ಈ ಮೋಸವು ದಲ್ಲಾಳಿಗೆ ಗೊತ್ತಾಗದೆ ಇರುತ್ತದೆಯೇ? ಇದ್ದ ಜಾಗದಿಂದಲೂ ನನ್ನನ್ನು ಕೆಳಗೆ ದೂಡಿತು. ನಾನು ಬಿದ್ದದ್ದು ಏಳನೇ ಪುಟಕ್ಕೆ. ಅಲ್ಲಿ ಮುಚ್ಚಿಹೋದ ಅಂಗಡಿಗಳು, ಎಂದೋ ಮುಗಿದ ಸಮ್ಮೇಳನಗಳು ನನ್ನ ನೆರೆಹೊರೆ.

ಅದೇ ವಾರ ಹಾಲೇಶಪ್ಪ ಮಗಳು ಪಲ್ಲವಿಯೊಂದಿಗೆ ಹರಿಹರಕ್ಕೆ, ಒಂದು ಮದುವೆ ಮನೆಗೆ ಹೋದರು. ಹೆಣ್ಣಿನ ತಂದೆ ಒಪ್ಪುವ ಹಾಗಿದ್ದ. ಇವರು ಜಂಬದಿಂದ, "ನಿಮ್ಮ ಫೋನಿನಾಗೇ 'ಮದುವೆಗೆ ಬ್ಯಾಂಡ್' ಅಂತ ಹೊಡೀರಿ, ಮೊದ್ಲು ನಾವೇ ಬರ‍್ತೀವಿ" ಎಂದರು. ಆತ ಹೊಡೆದ. ಮೇಲೆ ಒಂದು ಡಿಜೆ ಬಂತು. ಕೆಳಗೆ ಇನ್ನೊಂದು ಬಂತು. ನಾನು ಏಳನೇ ಪುಟದಿಂದ ಕತ್ತು ಚಾಚಿ ನೋಡುತ್ತಿದ್ದೆ. ಯಾರಾದರೂ ಅಷ್ಟು ದೂರ ಬಂದಾರೆಯೇ? ಆತ ಬೆರಳಾಡಿಸಿ, "ಇವ್ರು ಚೆನ್ನಾಗವ್ರೆ ಅನ್ಸುತ್ತೆ" ಎಂದು, ಹಾಲೇಶಪ್ಪನವರ ಎದುರಿಗೇ ಡಿಜೆಗೆ ಫೋನು ಹಚ್ಚಿದ.

ಬಸ್ಸಿನಲ್ಲಿ ಪಲ್ಲವಿ ನನ್ನನ್ನು ತೆರೆದು ಕೂತಳು. ಬಿಕಾಂ ಓದಿ ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದವಳು. "ಅಪ್ಪಾಜಿ, ಇಷ್ಟು ದಿನ ನಮ್ಮ ಮುಖಾನ ನಾವೇ ಕನ್ನಡಿಯಾಗೆ ನೋಡ್ಕೊಂಡಿದೀವಿ" ಎಂದಳು. ಹಾಲೇಶಪ್ಪ ಕಿಟಕಿಯ ಕಡೆ ತಿರುಗಿದರು.

ನಾನು ಪಲ್ಲವಿಯ ಕೈಗೆ ಬಂದೆ. ಬೆನ್ನಿನ ಬಿಳಿ ಅಕ್ಷರ ಕೆರೆದು ಹಾಕಿದಳು. ಚಿತ್ರದೊಳಗಿನ ಮಾತುಗಳನ್ನು ಹೊರಗೆ ತಂದು ಬರೆದಳು. ಬರೀ ತೂಕದ ಬಳ್ಳಿಗಳನ್ನು ಕಿತ್ತಳು. ನಾನು ಹಗುರಾದೆ, ಬೇಗ ತೆರೆದುಕೊಳ್ಳತೊಡಗಿದೆ. ಆಮೇಲೆ ಜನ ಯಾವ ಮಾತು ಕೇಳಿದಾಗ ದಲ್ಲಾಳಿ ನನ್ನನ್ನು ತೋರಿಸಿದೆ ಎಂಬುದನ್ನು ತೆಗೆದು ನೋಡಿದಳು. ಅಲ್ಲಿ ಒಂದು ಮಾತು ಮತ್ತೆ ಮತ್ತೆ ಕಂಡಿತು: "ಮಣ್ಣಿಗೆ ಬ್ಯಾಂಡ್".

ನಮ್ಮ ಕಡೆ ಸತ್ತವರ ಕೊನೆಯ ಯಾತ್ರೆಗೆ ಮಣ್ಣು ಎನ್ನುತ್ತಾರೆ. ತುಂಬು ಬಾಳು ಬಾಳಿದ ಹಿರಿಯರನ್ನು ವಾದ್ಯ ಊದಿಸಿ ಕಳಿಸುವುದು ವಾಡಿಕೆ. ಹಾಲೇಶಪ್ಪನವರ ತಂಡ ಕರೆದರೆ ಅದಕ್ಕೂ ಹೋಗುತ್ತಿತ್ತು, ಆದರೆ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ಅದನ್ನ ಬರೀಬ್ಯಾಡ" ಎಂದರು ಹಾಲೇಶಪ್ಪ. "ಮದುವಿ ಮನೆಯೋರು ನೋಡಿದ್ರೆ ಬಾಗ್ಲಾಗೂ ನಿಲ್ಲಿಸಲ್ಲ."

"ಈಗ ಯಾವ ಬಾಗ್ಲಾಗೆ ನಿಲ್ಲಿಸ್ಯಾರೆ ಅಪ್ಪಾಜಿ?"

ಮಾಬುಸಾಬ್ ಕೆಮ್ಮಿದ. ಹಾಲೇಶಪ್ಪ ಎದ್ದು ಹೊರಗೆ ಹೋದರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಪಲ್ಲವಿ ನನಗೆ ಒಂದು ಪುಟ ಹೆಚ್ಚಿಸಿದಳು. ಫೋಟೋ ಇಲ್ಲ, ಹೂವಿಲ್ಲ. "ಮಣ್ಣಿಗೆ ಬ್ಯಾಂಡ್. ಹಿರಿಯರನ್ನು ಭಜನೆಯ ಹಾಡಿನೊಂದಿಗೆ ಗೌರವದಿಂದ ಕಳಿಸಿಕೊಡುತ್ತೇವೆ." ಕೆಳಗೆ ನಂಬರು.

ಆ ಮಾತಿಗೆ ಯಾವ ಡಿಜೆಯೂ ಪೈಪೋಟಿಗೆ ಬರಲಿಲ್ಲ. ಕೆಲವೇ ದಿನಗಳಲ್ಲಿ ನಾನು ಮೊದಲ ಪುಟದ ಮೊದಲ ಸಾಲಿನಲ್ಲಿದ್ದೆ. ಮೊದಲ ಕರೆ ಬಂದದ್ದು ಮಲೇಬೆನ್ನೂರಿನಿಂದ, ವಿಶಾಲಮ್ಮನವರ ಮನೆಯಿಂದ; ಅಕ್ಕಿ ಗಿರಣಿ ನಡೆಸುತ್ತಿದ್ದ ಅವರ ಯಜಮಾನರು ತೀರಿಕೊಂಡಿದ್ದರು. ತಂಡ ಹೋಗಿ ಊದಿಬಂತು. ಮತ್ತೆ ಕರೆಗಳು ಬಂದವು, ಎಲ್ಲವೂ ಮಣ್ಣಿಗೇ. ಹಾಲೇಶಪ್ಪ ಸಪ್ಪಗಾದರು. ತದಿಗೆ ಹತ್ತಿರವಾಗುತ್ತಿತ್ತು, ಮದುವೆ ಒಂದೂ ಇರಲಿಲ್ಲ. ನಾನು ಗೆದ್ದೆನೋ ಸೋತೆನೋ ನನಗೇ ತಿಳಿಯದಾಯಿತು.

ಮನೆಯಲ್ಲಿ ಹಿರಿಯರು ಹೋದರೆ ವರ್ಷದೊಳಗೆ ಒಂದು ಶುಭಕಾರ್ಯ ಮಾಡಿ ಮುಗಿಸಬೇಕೆಂದು ನಮ್ಮ ಜನರ ನಂಬಿಕೆ. ವಿಶಾಲಮ್ಮನವರ ಮಗಳ ಮದುವೆ ಅಕ್ಷಯ ತದಿಗೆಗೇ ಗೊತ್ತಾಯಿತು. ಪಲ್ಲವಿ ನನ್ನನ್ನು ತಿದ್ದುತ್ತ ಕೂತಿದ್ದಾಗ ಆ ತಾಯಿಯ ಫೋನು ಬಂತು. ಆಕೆಯ ಪಕ್ಕದಲ್ಲಿ ಮೈದುನನೋ ಯಾರೋ ಗೊಣಗುತ್ತಿದ್ದ: "ಅತ್ತಿಗೆ, ಸಾವಿಗೆ ಊದಿದೋರ‍್ನ ಮದುವಿಗೆ ಕರೀತಾರಾ? ಜನ ಏನಂದಾರು?"

ವಿಶಾಲಮ್ಮ ಫೋನಿಗೆ ಕೈ ಅಡ್ಡ ಹಿಡಿಯದೆಯೇ ಹೇಳಿದರು: "ನಮ್ಮ ಯಜಮಾನ್ರನ್ನ ಚೆಂದಾಗಿ ಕಳಿಸಿಕೊಟ್ರಲ್ಲ. ಮಗಳನ್ನೂ ಅವರೇ ಕಳಿಸಿಕೊಡ್ಲಿ."

ಪಲ್ಲವಿ ಫೋನನ್ನು ಅಪ್ಪನ ಕೈಗಿತ್ತಳು. "ಬರ‍್ತೀವಿ ತಾಯಿ" ಎಂದರು ಹಾಲೇಶಪ್ಪ. ಮಾಬುಸಾಬ್ ಡ್ರಮ್ಮಿನ ಹಗ್ಗ ಬಿಗಿಯಲು ಕೂತ.

ತಮಾಷೆಯೆಂದರೆ, ಆ ದಿನ ನನ್ನ ಗ್ರಾಫಿನಲ್ಲಿ ಒಬ್ಬರೂ ಬಂದಿರಲಿಲ್ಲ. ಆಕೆ ಯಜಮಾನರ ಮಣ್ಣಿನ ದಿನ ಬರೆದಿಟ್ಟುಕೊಂಡಿದ್ದ ನಂಬರಿಗೇ ಕರೆ ಮಾಡಿದ್ದರು. ಧೀರಜ್ ನೋಡಿದ್ದರೆ "ಝೀರೋ ಸರ್" ಎನ್ನುತ್ತಿದ್ದ.

ಈಗ ನನಗೆ ವಯಸ್ಸಾಗಿದೆ. ಪಲ್ಲವಿ ತಂಡದ ವಿಡಿಯೋಗಳನ್ನು ಬೇರೆಲ್ಲೋ ಹಾಕುತ್ತಾಳೆ. ಮದುವೆಯವರು ಅತ್ತಲೇ ಹೋಗುತ್ತಾರೆ. ನನ್ನ ಬಳಿ ಉಳಿದಿರುವುದು ಆ ಹೂವಿಲ್ಲದ ಪುಟ. ಆದರೂ ನೆಮ್ಮದಿಯಾಗಿ ಒರಗಲು ಮನಸ್ಸು ಬಾರದು. ಯಾವುದೋ ಊರಿನಲ್ಲಿ ಯಾರೋ "ಮಣ್ಣಿಗೆ" ಎಂದು ಒತ್ತುತ್ತಾರೆ. ಹೋದವರು ಯಾರೆಂದು ನನಗೆ ಗೊತ್ತಾಗುವುದಿಲ್ಲ. ನಾನು ಎಷ್ಟನೆಯವನು ಎಂದು ಅವರು ನೋಡುವುದಿಲ್ಲ. ಥಟ್ಟನೆ ತೆರೆದುಕೊಳ್ಳುವುದೊಂದೇ ನನ್ನ ಕೈಲಾದದ್ದು. ಅಳುತ್ತಿರುವವರಿಗೆ ನಂಬರು ತಡವಾಗಿ ಸಿಗಬಾರದು.