ಕೋಲಾ ಯಾರಿಗೆ, ಡಬಲ್ ಯಾರಿಗೆ?

ನಾಲ್ಕು ರಸ್ತೆ ಸೇರುವ ಮೂಲೆಯಲ್ಲಿ ಒಂದು ಪುಟ್ಟ ಬಾರು. ಕೌಂಟರಿನಲ್ಲಿ ನಿಂತು ಸುರಿದು ಕೊಡುವವನು ತಮ್ಮ. ಒಳಗೆ ಆಲೂಗಡ್ಡೆ ಕರಿಯುವವಳು ಅವನ ಹೆಂಡತಿ. ಹಿಂದಿನ ತೊಟ್ಟಿಯಲ್ಲಿ ಗ್ಲಾಸು ತೊಳೆಯುವವಳು ಅಕ್ಕ.

ಅಕ್ಕ ಒಂದು ಹನಿಯೂ ಕುಡಿದವಳಲ್ಲ. ಆದರೆ ಹನ್ನೆರಡು ವರ್ಷ ಗ್ಲಾಸು ತೊಳೆದು ಅವಳ ಮೂಗು ಎಷ್ಟು ಪಳಗಿತ್ತೆಂದರೆ, ಖಾಲಿ ಗ್ಲಾಸು ಮೂಸಿಯೇ ಯಾರು ಏನು ಕುಡಿದರೆಂದು ಹೇಳಿಬಿಡುತ್ತಿದ್ದಳು.

"ಅತ್ತಿಗೆ, ನೀವು ಪೊಲೀಸ್ ಕೆಲಸಕ್ಕೆ ಸೇರಬೇಕಿತ್ತು," ಎಂದು ತಮ್ಮನ ಹೆಂಡತಿ ನಗುತ್ತಿದ್ದಳು.

"ಅಲ್ಲಿ ಮೂಸೋ ಕೆಲಸ ಆಗಲೇ ನಾಯಿಗೆ ಕೊಟ್ಟಿದಾರಂತಲ್ಲೇ!"

ಒಂದು ಸಂಜೆ, ಇನ್ನೂ ಬಿಸಿಲು ಹೊಸ್ತಿಲ ಮೇಲಿರುವಾಗಲೇ, ಕಿಟಕಿ ಪಕ್ಕದ ಟೇಬಲ್ಲಿನಿಂದ ಎರಡು ಗ್ಲಾಸು ತೊಟ್ಟಿಗೆ ಬಂದವು. ಅಕ್ಕ ಮೂಸಿದಳು. ಮತ್ತೊಮ್ಮೆ ಮೂಸಿದಳು. ಕೈ ಒರೆಸಿಕೊಳ್ಳುತ್ತಾ ಕೌಂಟರಿಗೆ ಬಂದಳು.

"ಲೋ ತಮ್ಮಾ, ಕಿಟಕಿ ಟೇಬಲ್ಲಿಗೆ ಏನು ಕೊಟ್ಟೆ?"

"ಎರಡು ರಮ್ಮು, ಕೋಲಾ ಹಾಕಿ."

"ಸುಳ್ಳು. ಒಂದರಲ್ಲಿ ರಮ್ಮೇ ಇಲ್ಲ. ಇನ್ನೊಂದರಲ್ಲಿ ಕೋಲಾಕ್ಕೇ ಜಾಗ ಇಲ್ಲ."

ತಮ್ಮ ಕಿಸಕ್ಕನೆ ನಕ್ಕ. "ಓ, ಅದಾ! ಇಸ್ತ್ರಿ ಸಾಹೇಬ್ರು ಬಂದು ಕಿವೀಲಿ ಹೇಳಿದ್ರು. ಅವಳಿಗೆ ಡಬಲ್ ಹಾಕು, ನಂಗೆ ಬರೀ ಕೋಲಾ, ಅವಳಿಗೆ ಗೊತ್ತಾಗೋದು ಬೇಡ ಅಂತ. ಏನೋ ಪ್ರೀತಿ ಗೀತಿ ಅಕ್ಕಾ, ನಿಂಗೆ ಅರ್ಥ ಆಗಲ್ಲ ಬಿಡು."

ಇಸ್ತ್ರಿ ಸಾಹೇಬ ಎಂದರೆ, ಶರ್ಟಿನ ಮಡಿಕೆಯಲ್ಲೇ ತರಕಾರಿ ಹೆಚ್ಚಬಹುದು ಎನ್ನುವಷ್ಟು ನೀಟಾಗಿ ಇಸ್ತ್ರಿ ಹಾಕಿಕೊಂಡು ಬರುವ ಒಬ್ಬ ಗಿರಾಕಿ. ಮಾತು ಬೆಣ್ಣೆ. ಅವನ ಎದುರು ಕೂತಿದ್ದವಳು ಎದುರು ಸಾಲಿನ ಪಾರ್ಲರ್ ಹುಡುಗಿ. ಎರಡು ತಿಂಗಳ ಹಿಂದೆ ಅವಳ ತಾಯಿ ತೀರಿಕೊಂಡಿದ್ದರು. ಅಂಗಡಿ ಮುಚ್ಚಿದ ಮೇಲೆ ಖಾಲಿ ಮನೆಗೆ ಹೋಗಲು ಮನಸ್ಸು ಬಾರದೆ ಇಲ್ಲಿ ಕೂರುತ್ತಿದ್ದಳು. ಒಂದೇ ಗ್ಲಾಸು, ಆಮೇಲೆ ಮನೆ. ಇವನು ಹೋದ ವಾರ ತಾನಾಗಿ ಬಂದು ಅವಳ ಎದುರು ಕೂತು, "ದುಃಖ ಹೇಳ್ಕೊಂಡ್ರೆ ಹಗುರ ಆಗತ್ತೆ" ಎಂದಿದ್ದ.

"ಅವಳು ಒಂದು ಕುಡೀತೀನಿ ಅಂದ್ಲು. ಎರಡು ಕುಡಿಸಿದೋನು ನೀನು," ಎಂದಳು ಅಕ್ಕ.

"ಅಕ್ಕಾ, ಇಬ್ರೂ ದೊಡ್ಡೋರು. ಅಲ್ಲದೆ ಬಾರಿಗೆ ಬರೋ ಹೆಂಗಸರು ಅಂದ್ರೆ..."

ಕೈಯಲ್ಲಿ ಎಣ್ಣೆ ತೊಟ್ಟಿಕ್ಕುವ ಸೌಟು ಹಿಡಿದು ಹೆಂಡತಿ ಒಳಗಿನಿಂದ ಬಂದಳು. "ನಾನೂ ದಿನಾ ಬಾರಿಗೇ ಬರ್ತೀನಿ ಕಣ್ರೀ. ಹ್ಞಾಂ, ಮುಂದೆ ಹೇಳಿ."

ತಮ್ಮ ಒಣಗಿದ್ದ ಗ್ಲಾಸನ್ನೇ ಮತ್ತೆ ಒರೆಸತೊಡಗಿದ.

ಅಕ್ಕ ದನಿ ತಗ್ಗಿಸಿದಳು. "ಹೋದ ತಿಂಗಳು ಇಲ್ಲಿಗೆ ಬರ್ತಿದ್ದ ಆ ಆಸ್ಪತ್ರೆ ನರ್ಸಮ್ಮನನ್ನೂ ಇವನು ಹೀಗೇ ಕುಡಿಸಿ, ರಟ್ಟೆ ಹಿಡಿದು ಕಾರಿಗೆ ಕೂರಿಸಿದ. ಆಮೇಲೆ ಅವಳು ಈ ರಸ್ತೇಲೇ ಕಾಣಲಿಲ್ಲ. ಅವತ್ತು ಅವಳ ಬ್ಯಾಗು ಕಾರಿನ ತನಕ ಹೊತ್ಕೊಂಡು ಹೋದೋನು ಯಾರೋ?"

ತಮ್ಮನ ಮುಖ ಇಳಿಯಿತು. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದ ಅವನು.

ಅಷ್ಟರಲ್ಲಿ ಇಸ್ತ್ರಿ ಸಾಹೇಬ ಕೌಂಟರಿಗೆ ಬಂದು ಕಣ್ಣು ಹೊಡೆದ. "ಇನ್ನೊಂದು ರೌಂಡು, ಅದೇ ಥರ. ಪಾಪ, ಅವಳನ್ನ ಮನೆಗೆ ನಾನೇ ಬಿಟ್ಟು ಬರ್ತೀನಿ." ಹೇಳಿ ಟೇಬಲ್ಲಿಗೆ ಹೋದ.

"ಏನು ಮಾಡ್ಲಿ ಅಕ್ಕಾ?"

"ಜಗಳ ಬೇಡ. ಅವನು ಕಿವೀಲಿ ಹೇಳಿದ್ದನ್ನ ನೀನು ಬಾಯಿಬಿಟ್ಟು ಹೇಳು. ಅಷ್ಟು ಸಾಕು."

ತಮ್ಮ ಎರಡು ಗ್ಲಾಸು ತಟ್ಟೆಯಲ್ಲಿಟ್ಟುಕೊಂಡು ಹೋದ. ಟೇಬಲ್ಲಿನ ಮುಂದೆ ನಿಂತು, ತರಕಾರಿ ಮಾರುವವನ ಗಂಟಲಿನಲ್ಲಿ ಕೂಗಿದ. "ಬರೀ ಕೋಲಾ ಯಾರಿಗೆ? ಡಬಲ್ ರಮ್ ಯಾರಿಗೆ?"

ಇಡೀ ಬಾರು ತಿರುಗಿ ನೋಡಿತು.

"ಏಯ್, ಎರಡೂ ಒಂದೇ ಕಣಯ್ಯಾ!"

"ಇಲ್ಲ ಸಾರ್. ಇವರಿಗೆ ಡಬಲ್, ನಿಮಗೆ ಬರೀ ಕೋಲಾ, ಇವರಿಗೆ ಗೊತ್ತಾಗಬಾರ್ದು ಅಂದ್ರಲ್ಲ? ಅಯ್ಯೋ, ಗಟ್ಟಿಯಾಗಿ ಹೇಳ್ಬಿಟ್ಟೆ ನೋಡಿ."

ಹುಡುಗಿ ಗ್ಲಾಸನ್ನೇ ನೋಡುತ್ತಾ ಕೇಳಿದಳು, "ಮೊದಲನೇದೂ ಹಿಂಗೇನಾ?"

"ಹೌದಮ್ಮಾ. ನಾನೇ ಹಾಕಿಕೊಟ್ಟೆ. ತಪ್ಪಾಯ್ತು."

"ತಮಾಷೆಗೆ ಹೇಳಿದ್ದು," ಎಂದ ಇಸ್ತ್ರಿ ಸಾಹೇಬ.

"ತಮಾಷೆ ಆದ್ರೆ ಆ ಡಬಲ್ ನೀವೇ ಕುಡೀರಿ ಸಾರ್, ನಾವೂ ನಗ್ತೀವಿ," ಎಂದ ಪಕ್ಕದ ಟೇಬಲ್ಲಿನ ಮೆಕ್ಯಾನಿಕ್ಕು.

ಸಾಹೇಬನಿಗೆ ತಟ್ಟನೆ ಏನೋ ಕೆಲಸ ನೆನಪಾಯಿತು. ಅವನು ಬಾಗಿಲು ದಾಟುವಾಗ ಶರ್ಟಿನ ಬೆನ್ನು ಬೆವರಿಗೆ ಮುದ್ದೆಯಾಗಿತ್ತು.

ಅಕ್ಕ ನೀರು ತಂದು ಹುಡುಗಿಯ ಪಕ್ಕ ಕೂತಳು. ಹುಡುಗಿ ಅಳುತ್ತಿದ್ದಳು. "ಹೋದ ವಾರವೂ ಕಾಲು ನಿಲ್ಲಲಿಲ್ಲ ಅಕ್ಕಾ. ದಾರೀಲಿ ಪಕ್ಕದಂಗಡಿ ಟೈಲರ್ ಆಂಟಿ ಸಿಕ್ಕಿ ಮನೆಗೆ ಬಿಟ್ರು. ಅಮ್ಮ ಹೋದ್ಮೇಲೆ ನಾನೇ ಕೆಟ್ಟು ಹೋದೆ ಅಂದ್ಕೊಂಡಿದ್ದೆ."

"ನಿನ್ನ ಕಾಲು ಸರಿಯಾಗೇ ಇದೆ ಮಗಳೇ. ಅವನ ಬುದ್ಧಿ ಸರಿ ಇಲ್ಲ. ಈಗ ಯಾರಿಗೆ ಫೋನು ಮಾಡ್ಲಿ?"

ಹುಡುಗಿಯ ಚಿಕ್ಕಮ್ಮನಿಗೆ ಫೋನು ಹೋಯಿತು. ಆಕೆ ಕಾಲಿಗೆ ಸಿಕ್ಕ ಚಪ್ಪಲಿ ಮೆಟ್ಟಿಕೊಂಡು, ಬೈಯುತ್ತಲೇ ಓಡಿಬಂದರು. "ಮನೆಗೆ ಹೋಗೋಕೆ ಬೇಜಾರಾದ್ರೆ ನನ್ನ ಮನೆ ಇಲ್ವೇನೇ? ನಾನೇನು ಸತ್ತಿದ್ದೀನಾ?" ಬೈದು ಮುಗಿಯುವ ಮೊದಲೇ ತಬ್ಬಿಕೊಂಡರು.

ಮರುದಿನ ಬೆಳಿಗ್ಗೆ ತಮ್ಮ ಹೆಂಡತಿಯೊಂದಿಗೆ ನರ್ಸಮ್ಮನನ್ನು ಹುಡುಕಿಕೊಂಡು ಹೋದ. "ಅವತ್ತು ಸುರಿದೋನು ನಾನು. ಬ್ಯಾಗು ಹೊತ್ತೋನೂ ನಾನೇ. ನೀವು ದೂರು ಕೊಡೋದಾದ್ರೆ ಕಂಡದ್ದನ್ನ ಕಂಡಂಗೆ ಬಂದು ಹೇಳ್ತೀನಿ," ಎಂದ. ನರ್ಸಮ್ಮ ಅವನ ಹೆಂಡತಿಯ ಕೈ ಹಿಡಿದು, "ಸ್ಟೇಷನ್ನಿಗೆ ನೀವೂ ಬರ್ತೀರಾ?" ಎಂದಳು.

ಮೂವರೂ ಒಂದೇ ಆಟೋದಲ್ಲಿ ಹೋದರು.

ಅಕ್ಕತಂಗಿಯರೇ, ಹೊರಗೆ ಕೂತು ಒಂದು ಗ್ಲಾಸು ಕುಡಿದದ್ದು ನಿಮ್ಮ ತಪ್ಪಲ್ಲ. ಮೋಸ ಮಾಡಿದವನದೇ ತಪ್ಪು. ನಿಮ್ಮ ಗ್ಲಾಸಿನಲ್ಲಿ ಏನಿದೆ ಎಂದು ಕೇಳುವ ಹಕ್ಕು ನಿಮಗಿದೆ, ಕೇಳಿ. ಸ್ವಲ್ಪ ಕುಡಿದರೂ ತಲೆ ಜೋರಾಗಿ ತಿರುಗಿದರೆ ಕೂಡಲೇ ಅಲ್ಲಿನ ಕೆಲಸದವರಿಗೆ ಹೇಳಿ, ಮನೆಯವರನ್ನು ಕರೆಸಿ. ನೆಟ್ಟಗೆ ನಿಲ್ಲಲಾಗದ ಹೆಣ್ಣು "ಹೂಂ" ಅಂದರೆ ಅದು ಒಪ್ಪಿಗೆ ಅಲ್ಲವೇ ಅಲ್ಲ. ಪಕ್ಕದ ಟೇಬಲ್ಲಿನವರೇ, ಅನುಮಾನ ಬಂದರೆ "ಮನೆಗೆ ಯಾರ ಜೊತೆ ಹೋಗ್ತೀಯಮ್ಮಾ?" ಎಂದು ಒಂದು ಮಾತು ಕೇಳಿ. ಇನ್ನು ಸುರಿದು ಕೊಡುವ ಅಣ್ಣತಮ್ಮಂದಿರೇ, ಪಾಪ ನಿಮ್ಮ ಕೈ ತುಂಬ ಕೆಲಸ, ಗೊತ್ತು. ಆದರೂ ಅವಳಿಗೆ ತಿಳಿಯದ ಹಾಗೆ ಅವಳ ಗ್ಲಾಸಿಗೆ ಏನನ್ನೂ ಹಾಕಬೇಡಿ, ಯಾರು ಹೇಳಿದರೂ ಸರಿ.