ತಣ್ಣಗೆ ಬಗ್ಗಿಸಿದ ಹಿತ್ತಾಳೆ

ಸ್ಕ್ರೂಡ್ರೈವರ್ ತಾಗಿಸಿದಾಗ ಫ್ಯಾನಿನ ಒಂದು ರೆಕ್ಕೆ ಟಿಣ್ ಅಂತು, ಇನ್ನೊಂದು ಅನ್ನಲಿಲ್ಲ, ಗಾಳಿ ಇರಬೇಕು, ಕಾಸರಕೋಡ ದಡದಲ್ಲಿ ಇಷ್ಟು ಜನ, ಇಷ್ಟು ಗಲಾಟೆ, ಕೇಳಿಸದೆ ಹೋಯಿತೇನೋ — ಆತಾ ಗೌರಿ, ಅಂದ ಮಾಬ್ಲಣ್ಣ, ನಾನು ಸ್ಕ್ರೂಡ್ರೈವರನ್ನು ವೇಲಿನಲ್ಲಿ ಒರೆಸುತ್ತ ಆತು ಅಂದೆ, ಯಾಕೆ ಹಾಗಂದೆನೋ, ಅವನು ರೇಸಿನ ಪುಟ್ಟ ರಿಮೋಟ್ ಬೋಟನ್ನು ಎದೆಗವಚಿಕೊಂಡು ಹೊಳೆಗಿಳಿದೇಬಿಟ್ಟ, ಮೊಣಕಾಲು, ತೊಡೆ, ಕಡಲಿನ ಭರತ ತುಂಬಿ ನೀರು ಅಲುಗದೆ ನಿಂತಿರುವ ಈ ಸ್ವಲ್ಪ ಹೊತ್ತಿನಲ್ಲೇ ಫೈನಲ್ ಮುಗಿಯಬೇಕು, ಆಮೇಲೆ ಇಳಿತ, ಸೆಳೆತ. ಅಪ್ಪ ಮೀನಿನ ಬೋಟುಗಳ ಫ್ಯಾನು ಸರಿಮಾಡುತ್ತಿದ್ದ, ನೀರಡಿಯಲ್ಲಿ ತಿರುಗಿ ಬೋಟನ್ನು ತಳ್ಳುವ, ಕಲ್ಲಿಗೆ ಬಡಿದು ಡೊಂಕಾದ, ಮೊರದಗಲದ ಫ್ಯಾನು, ಹಗ್ಗದಲ್ಲಿ ತೂಗುಹಾಕಿ ಸುತ್ತಿಗೆ ತಾಗಿಸುವುದು, ಗಂಟೆಯ ಹಾಗೆ ಅಂದರೆ ಜೀವ ಇದೆ, ಟಕ್ ಅಂದರೆ ಬಿರುಕು, ಬೋಟಿಗೆ ಹಾಕಬಾರದು, ಅಷ್ಟೇ. ಮೂಲೆಯಲ್ಲಿ ಕೂತು ನೋಡಿ ಕಲಿತದ್ದು ನಾನು, ಶಾಲೆಯಲ್ಲಿ ಎದ್ದು ನಿಂತು ಉತ್ತರ ಹೇಳು ಅಂದರೆ ಪುಸ್ತಕದ ಮೂಲೆ ಮಡಿಸುತ್ತ ನಿಲ್ಲುತ್ತಿದ್ದೆ, ಎಂಟಕ್ಕೇ ಬಿಟ್ಟೆ, ಹಿತ್ತಾಳೆ ನನ್ನನ್ನು ಏನೂ ಕೇಳುವುದಿಲ್ಲ. ಎರಡು ರೆಕ್ಕೆಯ ಈ ಫ್ಯಾನು ಹೆಬ್ಬೆರಳಿನಷ್ಟು, ನೀರು ಕಡಿಯುವ ಅಂಚನ್ನು ಅರದಿಂದ ಬ್ಲೇಡಿನಷ್ಟು ತೆಳು ಮಾಡಿದೆ, ಸೂಜಿಯ ಮೇಲೆ ಕೂರಿಸಿ ಎರಡರ ತೂಕ ಸಮ ಮಾಡಿದೆ, ಹಿಂದಿನ ಅಂಚನ್ನು ಚಮಚದ ಹಾಗೆ ಚೂರೇ ಮಡಿಸಿದೆ, ನೀರನ್ನು ಬಿಗಿಯಾಗಿ ಹಿಡಿಯಲಿ ಅಂತ — ಹೆಚ್ಚಾಯಿತು, ಹಿಂದಕ್ಕೆ ಬಗ್ಗಿಸಿದೆ, ಕಡಿಮೆಯಾಯಿತು, ಮತ್ತೆ ಮುಂದಕ್ಕೆ. ಅಪ್ಪ ಪ್ರತಿ ಸಲ ಕಾಯಿಸಿಯೇ ಬಗ್ಗಿಸುತ್ತಿದ್ದ, ತಣ್ಣಗೆ ಬಗ್ಗಿಸಿದರೆ ಹಿತ್ತಾಳೆ ಬಿರಿಯುತ್ತದೆ ಅನ್ನುತ್ತಿದ್ದ, ಇಷ್ಟು ಸಣ್ಣದಕ್ಕೆ ಬೆಂಕಿ ಎಂತಕ್ಕೆ ಅಂದುಕೊಂಡೆ, ಇಕ್ಕಳದಲ್ಲಿ, ತಣ್ಣಗೆ.

ಗೆದ್ರೆ ಕುಮಟೆ, ಭಟ್ಕಳದವರೆಲ್ಲ ಫ್ಯಾನಿಗೆ ನಮ್ಮ ಶೆಡ್ಡಿಗೇ ಬತ್ರು, ನಿಂಗೆ ಮೀನು ಒಣಗಿಸೋ ಕೂಲಿ ಬೇಡ, ಅಂದಿದ್ದಾನೆ ಅಣ್ಣ, ಮೂರು ವರ್ಷದಲ್ಲಿ ಇದೇ ಮೊದಲ ಫೈನಲ್. ರಿಮೋಟ್ ಹಿಡಿದ ಅವನ ಗೆಳೆಯ ಉಮೇಶ ದಡದಿಂದ ಕೂಗುತ್ತಾನೆ, ಮಾಬ್ಲ, ಸ್ನಾನಕ್ಕೆ ಹೋಗಿದ್ಯನಾ, ಬೋಟು ಇಡಾ ಮಾರಾಯ, ಜನ ನಗುತ್ತಾರೆ, ಅಣ್ಣನೂ, ಬೋಟಿನ ಮೂತಿ ಆಚೆ, ಫ್ಯಾನು ಈಚೆ, ಅವನ ಹೊಟ್ಟೆಯ ಕಡೆ, ಉಮೇಶನ ಬೆರಳು ಅಲುಗಿದರೆ ಸಾಕು, ಆ ವೇಗಕ್ಕೆ ರೆಕ್ಕೆಯ ಚೂರು ಕಿತ್ತು ಹಾರಿದರೆ ಹೊಟ್ಟೆಗೇ, ಗಾಳಿ ಅಲ್ಲ, ಗಲಾಟೆ ಅಲ್ಲ, ಟಕ್ ಅಂದದ್ದು ನನಗೆ ಕೇಳಿಸಿತ್ತು. ಚಪ್ಪಲಿ ಕಾಲಲ್ಲೇ ನೀರಿಗಿಳಿದಿದ್ದೇನೆ, ಚೂಡಿದಾರ ಕಾಲಿಗಂಟಿ ಎಳೆಯುತ್ತದೆ, ಅಣ್ಣಾ ಬೇಡ — ಇದು ನನ್ನ ದನಿಯೇ — ಸರಿ ಆಗ್ಲಿಲ್ಲ, ಒಂದು ರೆಕ್ಕೆ ಟಕ್ ಅಂತು. ಈಗ ಹೇಳೂದನೇ, ಅಂದ ಅಣ್ಣ. ಹಿಂದೆ ಯಾರೋ, ನಿನ್ನ ಮೇಸ್ತ್ರಿ ಬಂದ್ರು ನೋಡಾ ಮಾಬ್ಲ, ಮತ್ತೆ ನಗು, ರೇಸಿನ ಪೀಪಿ ಊದಿದರು, ಉಳಿದ ಬೋಟುಗಳು ಕಿರ್ರೆಂದು ಹೊರಟವು, ನಮ್ಮದು ಹೋಗಲಿಲ್ಲ, ಉಮೇಶ ರಿಮೋಟ್ ಕೆಳಗಿಟ್ಟು ಬೈಯುತ್ತಿದ್ದಾನೆ, ಅಣ್ಣ ಬೋಟನ್ನು ತಿರುವಿ ಒಂದು ರೆಕ್ಕೆಯ ಬುಡಕ್ಕೆ ಹೆಬ್ಬೆರಳಿನ ಉಗುರು ಇಡುತ್ತಾನೆ, ಎಣ್ಣೆಗೆ ಕಪ್ಪಾದ ಉಗುರು, ತುದಿಯವರೆಗೆ ಜಾರಿಸುತ್ತಾನೆ, ಏನೂ ಇಲ್ಲ, ಬಿರುಕೇ ಇಲ್ಲದಿದ್ದರೆ, ಫೈನಲನ್ನು ಸುಮ್ಮನೆ ಹಾಳುಮಾಡಿದೆ ಅಂತಾದರೆ, ಇನ್ನೊಂದು ರೆಕ್ಕೆ, ಬುಡದಿಂದ, ಮೆಲ್ಲಗೆ, ಮಡಿಸಿದ ಜಾಗದ ಹತ್ತಿರ ಉಗುರು ಸಿಕ್ಕಿ ನಿಂತಿತು. ಎತ್ತಿ ಮತ್ತೆ ಬುಡದಿಂದ. ಅಲ್ಲೇ. ಮತ್ತೆ. ಆ ಕಪ್ಪು ಉಗುರು, ಅಲ್ಲೇ.